ತಿರುಪತಿ ದಾರಿಯಲ್ಲಿ ಅರ್ಧ ದಿನ: ಶ್ರೀಪಾದರಾಜರ ಮಠಕ್ಕೆ ಹೋಗುವುದು ಹೇಗೆ?

ಬೈರಕೂರು ಹೋಬಳಿಯವರಿಗೆ ಮುಳಬಾಗಿಲು ಎಂದರೆ ತಾಲ್ಲೂಕು ಕಚೇರಿ, ಪಹಣಿ, ಆಸ್ಪತ್ರೆ. ಕೆಲಸ ಮುಗಿದರೆ ವಾಪಸ್ ಬಸ್ ಹತ್ತುತ್ತೇವೆ. ಆದರೆ ತಿರುಪತಿಗೆ ಹೊರಟ ದೂರದೂರಿನವರು ಪಟ್ಟಣದ ಪಕ್ಕದ ನರಸಿಂಹತೀರ್ಥದಲ್ಲಿ ಗಾಡಿ ನಿಲ್ಲಿಸಿ, ಶ್ರೀಪಾದರಾಜರ ವೃಂದಾವನಕ್ಕೆ ಕೈಮುಗಿದೇ ಮುಂದೆ ಹೋಗುತ್ತಾರೆ. ನಾವೂ ಒಂದು ಬೆಳಗ್ಗೆಯನ್ನು ಅದಕ್ಕೆಂದೇ ಇಡಬಹುದು.

ಹೊರಡುವ ಮುಂಚೆ ಪಂಚಾಂಗ ನೋಡಿ. ಏಕಾದಶಿಯಂದು ಮಠದಲ್ಲಿ ಉಪವಾಸ, ತೀರ್ಥ ಬಿಟ್ಟರೆ ಊಟದ ಮಾತಿಲ್ಲ. ಮರುದಿನ ದ್ವಾದಶಿಯ ಪಾರಣೆ ಬೆಳಗ್ಗೆ ಬೇಗನೆ ಮುಗಿಯುತ್ತದೆ. ಹನ್ನೊಂದಕ್ಕೆ ಬಂದವರಿಗೆ ಎಲೆ ಸಿಗುವುದು ಕಷ್ಟ. ಗೋಡೆಯ ಕ್ಯಾಲೆಂಡರಿನಲ್ಲಿ ಕೆಲವೊಮ್ಮೆ ಎರಡು ಏಕಾದಶಿ ಇರುತ್ತವೆ. ಮಠಕ್ಕೆ ಲೆಕ್ಕ ಮಾಧ್ವ ಏಕಾದಶಿ. ಜ್ಯೇಷ್ಠ ಶುದ್ಧ ಚತುರ್ದಶಿ ಶ್ರೀಪಾದರಾಜರ ಆರಾಧನೆ. ಆ ದಿನಗಳ ಸಂಭ್ರಮ ನೋಡುವಂಥದ್ದೇ, ಆದರೆ ವಯಸ್ಸಾದವರನ್ನು ಕರೆದೊಯ್ಯುವುದಾದರೆ ಬೇರೆ ದಿನ ಆರಿಸಿಕೊಳ್ಳಿ.

ಬೈರಕೂರಿನಿಂದ ಮುಳಬಾಗಿಲಿಗೆ ಬೆಳಗಿನ ಬಸ್ ಹಿಡಿಯಿರಿ. ಹೆಣ್ಣುಮಕ್ಕಳು ಶಕ್ತಿ ಯೋಜನೆಯ ಉಚಿತ ಟಿಕೆಟ್‌ಗೆ ಆಧಾರ್ ಮರೆಯಬಾರದು. ಬಸ್ ನಿಲ್ದಾಣದಿಂದ ನರಸಿಂಹತೀರ್ಥಕ್ಕೆ ಆಟೋ ಸಾಕು. ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.

ಗಂಡಸರು ಪಂಚೆ ಉಟ್ಟು ಹೋದರೆ ಒಳ್ಳೆಯದು. ವೃಂದಾವನದ ಹತ್ತಿರ ಹೋಗುವಾಗ ಅಂಗಿ, ಬನಿಯನ್ ತೆಗೆಯಬೇಕಾಗುತ್ತದೆ, ಶಲ್ಯ ಇರಲಿ. ಚರ್ಮದ ಬೆಲ್ಟು, ಪರ್ಸು ಚೀಲದೊಳಗೆ. ಹೆಂಗಸರಿಗೆ ಸೀರೆ ಅಥವಾ ದುಪಟ್ಟಾ ಇರುವ ಚೂಡಿದಾರ್. ಬೇಸಿಗೆಯಾದರೆ ಬಿಸಿಲೇರುವ ಮುಂಚೆ ಪ್ರದಕ್ಷಿಣೆ ಮುಗಿಸಿ, ಕಲ್ಲುಹಾಸು ಅಂಗಾಲು ಸುಡುತ್ತದೆ.

ಒಳಹೋದ ಕೂಡಲೇ ಕೌಂಟರಿನಲ್ಲಿ ಊಟಕ್ಕೆ ಎಷ್ಟು ಜನ ಎಂದು ಹೇಳಿಬಿಡಿ. ಸೇವೆ ಮಾಡಿಸುವುದಿದ್ದರೆ ಗೋತ್ರ, ನಕ್ಷತ್ರ, ರಾಶಿ ಚೀಟಿಯಲ್ಲಿ ಬರೆದುಕೊಂಡಿರಿ. ಸಂಕಲ್ಪದ ಹೊತ್ತಿಗೆ ಊರಿಗೆ ಫೋನ್ ಹಚ್ಚಿ ಅಮ್ಮನನ್ನು ಕೇಳುವವರೇ ಹೆಚ್ಚು! ಮೊದಲು ತೀರ್ಥದಲ್ಲಿ ಕೈಕಾಲು ತೊಳೆದು, ನರಸಿಂಹನ ದರ್ಶನ ಮಾಡಿ. ಮಾಧ್ವ ಯತಿ ಅಕ್ಷೋಭ್ಯತೀರ್ಥರು ಇದ್ದಿಲಿನಿಂದ ನರಸಿಂಹನ ಚಿತ್ರ ಬರೆದ ಕಥೆ ಈ ಜಾಗದ್ದೇ. ಆಮೇಲೆ ವೃಂದಾವನ. ಅದನ್ನು ಮುಟ್ಟುವಂತಿಲ್ಲ. ಫೋಟೊ ತೆಗೆಯುವ ಮುಂಚೆ ಕೇಳಿ.

ಇಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿ ಹುಟ್ಟಿದ ಶ್ರೀಪಾದರಾಜರು 15ನೇ ಶತಮಾನದವರು, ಮಧ್ವಾಚಾರ್ಯರ ನೇರ ಶಿಷ್ಯ ಪದ್ಮನಾಭತೀರ್ಥರ ಪರಂಪರೆಯ ಯತಿ. ಸಂಸ್ಕೃತದಲ್ಲಿ 'ವಾಗ್ವಜ್ರ' ಬರೆದ ಪಂಡಿತರೇ 'ರಂಗವಿಠಲ' ಅಂಕಿತದಲ್ಲಿ ಕನ್ನಡ ಪದಗಳನ್ನೂ ಹಾಡಿದರು. ಅವರ ಬಳಿ ಓದಿದವರು ವ್ಯಾಸರಾಯರು. ವ್ಯಾಸರಾಯರ ಶಿಷ್ಯರು ಪುರಂದರದಾಸರು, ಕನಕದಾಸರು. ದಾಸಸಾಹಿತ್ಯದ ಅಷ್ಟು ದೊಡ್ಡ ಹೊಳೆಯ ಒಂದು ಊಟೆ ನಮ್ಮ ತಾಲ್ಲೂಕಿನಲ್ಲೇ ಇದೆ ಎಂಬುದನ್ನು ಶಾಲೆಯ ಮಕ್ಕಳಿಗೆ ಇಲ್ಲೇ ನಿಲ್ಲಿಸಿ ಹೇಳಬೇಕು.

ಮಹಾಪೂಜೆ, ಮಂಗಳಾರತಿ ಆದ ಮೇಲೆ ಪಂಕ್ತಿ. ಶ್ರೀಪಾದರಾಜರ ನೈವೇದ್ಯಕ್ಕೆ 64 ಬಗೆಯ ಶಾಕ ಇರುತ್ತಿತ್ತು ಎಂಬ ಪ್ರತೀತಿ ಇದೆ. ನೀವು ಅನ್ನ, ಸಾರು, ಹುಳಿಯ ಲೆಕ್ಕದಲ್ಲೇ ಕುಳಿತುಕೊಳ್ಳಿ. ಬಡಿಸಿದ್ದನ್ನು ಬಿಡಬೇಡಿ.

ಹೊತ್ತು ಉಳಿದರೆ ಪಟ್ಟಣದ ಆಂಜನೇಯನ ಗುಡಿ ನೋಡಬಹುದು, ಮಧ್ಯಾಹ್ನ ಬಾಗಿಲು ಹಾಕಿದ್ದರೆ ಸಂಜೆಯವರೆಗೆ ಕಾಯಬೇಕು. ಕುರುಡುಮಲೆಯನ್ನೂ ಆವನಿಯನ್ನೂ ಅದೇ ದಿನಕ್ಕೆ ತುರುಕಬೇಡಿ. ಬೈರಕೂರಿಗೆ ಹೋಗುವ ಸಂಜೆಯ ಬಸ್ ಎಷ್ಟು ಗಂಟೆಗೆ ಎಂದು ಬೆಳಗ್ಗೆ ಇಳಿದಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.