ಮಕ್ಕಳ ರಕ್ಷಣೆ: ವೃತ್ತಿ ಮತ್ತು ಶಿಕ್ಷಣ

ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳ ಮುಂದಿನ ವಿದ್ಯಾಭ್ಯಾಸದ ಮಾತು ಬಂದಾಗ ಪುಣೆಯ ಕನ್ನಡ ಕುಟುಂಬಗಳಲ್ಲಿ ಇಂಜಿನಿಯರಿಂಗ್, ವೈದ್ಯಕೀಯ, ಲೆಕ್ಕಪರಿಶೋಧನೆ ಎಂಬ ಹಾದಿಗಳೇ ಸಾಮಾನ್ಯವಾಗಿ ಚರ್ಚೆಗೆ ಬರುತ್ತವೆ. ಸಮಾಜಕಾರ್ಯ ಎಂದೊಡನೆ ಅದು ಬಿಡುವಿನ ವೇಳೆಯ ಪುಣ್ಯಕಾರ್ಯವೆಂದು ಭಾವಿಸುವವರೇ ಹೆಚ್ಚು. ನಿರ್ಗತಿಕ ಮಗುವಿಗೆ ಅನ್ನ, ಬಟ್ಟೆ ನೀಡುವುದಕ್ಕೆ ಕರುಣೆಯೊಂದು ಸಾಕು, ನಿಜ. ಆದರೆ ಆ ಮಗುವನ್ನು ಮನೆಗೆ ಕಳುಹಿಸಬೇಕೆ, ಬೇಡವೆ ಎಂಬುದನ್ನು ನಿರ್ಣಯಿಸಲು ಕರುಣೆಯೊಂದೇ ಸಾಲದು. ಅದಕ್ಕೆ ಶಾಸ್ತ್ರೀಯ ಶಿಕ್ಷಣ ಬೇಕು.

ಈ ಕಾರ್ಯಕ್ಕೆ ಪುಣೆ ಹಳೆಯ ನೆಲೆ. ಕನ್ನಡನಾಡಿನ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವು ಮರುವರ್ಷವೇ ಪುಣೆಗೆ ಬಂದಿತು. ಮಹರ್ಷಿ ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಆಶ್ರಮವೊಂದನ್ನು ಸ್ಥಾಪಿಸಿದರು. ಆ ಕಾಲದಲ್ಲಿ ಧೈರ್ಯವೇ ವಿದ್ಯೆಯಾಗಿತ್ತು. ಈ ಕೆಲಸವನ್ನು ಕಲಿಸಲು ಸ್ನಾತಕೋತ್ತರ ಶಾಲೆ ಹುಟ್ಟಿದ್ದು 1936ರಲ್ಲಿ, ಮುಂಬಯಿಯಲ್ಲಿ. ಸರ್ ದೊರಾಬ್ಜಿ ಟಾಟಾ ಹೆಸರಿನ ಆ ಶಾಲೆಯೇ ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ. ಕರ್ವೆಯವರ ಹೆಸರು ಹೊತ್ತ ಸಮಾಜಸೇವಾ ಸಂಸ್ಥೆ ಪುಣೆಯ ಕರ್ವೆನಗರದಲ್ಲಿ 1963ರಲ್ಲಿ ಆರಂಭವಾಯಿತು. ಭಾರತಿ ವಿದ್ಯಾಪೀಠದಲ್ಲಿಯೂ ಈ ಶಿಕ್ಷಣವುಂಟು. ಊರಿನ ಕಡೆಗೆ ಮರಳಿ ಓದಬಯಸುವವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಮಂಗಳೂರಿನ ರೋಶನಿ ನಿಲಯವೂ ಇವೆ.

ಯಾವುದೇ ವಿಷಯದಲ್ಲಿ ಪದವಿ ಪಡೆದವರು ಸಮಾಜಕಾರ್ಯದ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣಕ್ಕೆ ಸೇರಬಹುದು. ಮಗುವಿನ ಬೆಳವಣಿಗೆ, ಕುಟುಂಬ, ಮನೋವಿಜ್ಞಾನ, ಕಾನೂನು ಇವೆಲ್ಲವೂ ಪಾಠಕ್ಕಿರುತ್ತವೆ. ಆದರೆ ಈ ವಿದ್ಯೆಯ ಜೀವಾಳವಿರುವುದು ಕ್ಷೇತ್ರಕಾರ್ಯದಲ್ಲಿ. ವಾರದಲ್ಲಿ ನಿಗದಿಯಾದ ದಿನಗಳಂದು ವಿದ್ಯಾರ್ಥಿಯು ಆಸ್ಪತ್ರೆಗೋ ಬಾಲಗೃಹಕ್ಕೋ ಕೊಳೆಗೇರಿಗೋ ಹೋಗಬೇಕು; ಕಂಡದ್ದನ್ನೂ ಕೇಳಿದ್ದನ್ನೂ ಬರೆದು ತಂದು ಮಾರ್ಗದರ್ಶಕರ ಮುಂದಿಡಬೇಕು. ಕಂಡದ್ದು ಯಾವುದು, ತಾನು ಊಹಿಸಿದ್ದು ಯಾವುದು ಎಂದು ಬೇರ್ಪಡಿಸುವ ಅಭ್ಯಾಸ ಬರುವುದು ಇಲ್ಲಿಯೇ. ವೈದ್ಯಕೀಯ ವಿದ್ಯಾರ್ಥಿಗೆ ವಾರ್ಡು ಹೇಗೋ ಇವರಿಗೆ ಇದು ಹಾಗೆ.

ಈ ಅಭ್ಯಾಸದ ಬೆಲೆ ತಿಳಿಯಬೇಕಾದರೆ 2015ರ ಬಾಲನ್ಯಾಯ ಕಾಯಿದೆಯನ್ನು ನೋಡಬೇಕು. ಪಾಲನೆ, ರಕ್ಷಣೆ ಬೇಕಾದ ಮಗು ಯಾರ ಕೈಗೆ ಸಿಕ್ಕರೂ, ಪ್ರಯಾಣದ ವೇಳೆಯನ್ನು ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಯು ಪೀಠವಾಗಿ ಕುಳಿತಾಗ ಅದಕ್ಕೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಸಮಿತಿಗೆ ಸಮಾಜ ಕಾರ್ಯಕರ್ತರು ಅಥವಾ ಮಕ್ಕಳ ಕಲ್ಯಾಣಾಧಿಕಾರಿಗಳು 15 ದಿನಗಳಲ್ಲಿ ಸಾಮಾಜಿಕ ತನಿಖೆ ನಡೆಸಿಕೊಡಬೇಕು. ಮಗು ಮನೆಗೆ ಹೋಗುವುದೋ ಬಾಲಗೃಹದಲ್ಲಿ ಉಳಿಯುವುದೋ ಎಂಬುದು ಬಹುಮಟ್ಟಿಗೆ ಆ ತನಿಖೆಯ ಮೇಲೆ ನಿಂತಿರುತ್ತದೆ.

ಭಾಷೆಯ ಪ್ರಶ್ನೆ ಏಳುವುದು ಇಲ್ಲಿಯೇ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಗಳಿಂದ ಕಟ್ಟಡದ ಕೆಲಸಕ್ಕಾಗಿ ಪುಣೆಗೆ ಬರುವ ಕುಟುಂಬಗಳು ಅನೇಕ. ಅಂತಹ ಕುಟುಂಬದ ಆರು ವರ್ಷದ ಹುಡುಗಿಯೊಬ್ಬಳು ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಸಿಕ್ಕಳೆಂದು ಭಾವಿಸೋಣ. “ಆಯಿ ಊರಾಗ ಅದಾಳ” ಎಂದು ಅವಳು ಹೇಳುತ್ತಾಳೆ. ಉತ್ತರ ಕರ್ನಾಟಕದ ಮಾತಿನಲ್ಲಿ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಮರಾಠಿಯನ್ನಷ್ಟೇ ಬಲ್ಲ ಅಧಿಕಾರಿ “ತಾಯಿ ಊರಿನಲ್ಲಿದ್ದಾಳೆ” ಎಂದು ಬರೆದುಕೊಂಡರೆ, ಅವ್ವನು ಅದೇ ನಗರದ ಕಟ್ಟಡವೊಂದರ ಬುಡದಲ್ಲಿ ಮಗಳಿಗಾಗಿ ಅಳುತ್ತಿರುವಾಗ, ಹುಡುಕಾಟ ನಾನೂರು ಕಿಲೋಮೀಟರು ದೂರದಲ್ಲಿ ಮೊದಲಾಗುತ್ತದೆ. ಕಾನೂನಿನಲ್ಲಿ ದುಭಾಷಿಗೆ ಅವಕಾಶವಿದೆ: ಕಾನೂನಿನ ಸಂಘರ್ಷಕ್ಕೆ ಸಿಲುಕಿದ ಮಗುವಿಗೆ ಬಾಲನ್ಯಾಯ ಮಂಡಳಿಯು ದುಭಾಷಿಯನ್ನು ಒದಗಿಸಬೇಕು, 2012ರ ಪೋಕ್ಸೊ ಕಾಯಿದೆಯೂ ಮಗುವಿಗೆ ತಿಳಿಯದ ಭಾಷೆಯಲ್ಲಿ ದೂರು ದಾಖಲಾಗುವಾಗ ದುಭಾಷಿ ಬೇಕೆನ್ನುತ್ತದೆ. ಆದರೆ ಕನ್ನಡ, ಮರಾಠಿ ಎರಡನ್ನೂ ಬಲ್ಲ, ಜೊತೆಗೆ ಮಗುವಿನೊಡನೆ ಮಾತನಾಡುವ ಕ್ರಮವನ್ನೂ ಕಲಿತ ವ್ಯಕ್ತಿ ದುಭಾಷಿಗಿಂತ ಎಷ್ಟೋ ಮಿಗಿಲು. ಇದನ್ನು ಪುಣೆಯಲ್ಲಿ ಹುಟ್ಟಿ ಬೆಳೆದ ಕನ್ನಡ ತರುಣ ತರುಣಿಯರಷ್ಟು ಸುಲಭವಾಗಿ ಬೇರೆ ಯಾರು ಮಾಡಿಯಾರು?

ಆರೋಗ್ಯಜ್ಞಾನವೂ ಈ ವಿದ್ಯೆಗೆ ಅವಶ್ಯ. ಇನ್ನೂ ತೆವಳಲಾರದ ಕೂಸಿನ ಮೈಮೇಲಿನ ಬಾವು, ಒಂದೇ ಮಗುವಿನಲ್ಲಿ ಹಳೆಯ ಹೊಸ ಗಾಯಗಳು ಕೂಡಿರುವುದು, ಗಾಯಕ್ಕೂ ಹಿರಿಯರು ಹೇಳುವ ಕಾರಣಕ್ಕೂ ಹೊಂದಿಕೆಯಾಗದಿರುವುದು, ಇವು ಎಚ್ಚರಿಕೆಯ ಚಿಹ್ನೆಗಳು. ಅದೇ ವೇಳೆ ನಮ್ಮ ದೇಶದ ಅನೇಕ ಶಿಶುಗಳಿಗೆ ಹುಟ್ಟಿನಿಂದಲೇ ಬೆನ್ನಿನ ಕೆಳಭಾಗದಲ್ಲಿ ನೀಲಿ ಮಚ್ಚೆಯಿರುತ್ತದೆ. ಅದು ಪೆಟ್ಟಿನ ಗುರುತಲ್ಲ. ತಿಳಿಯದವರು ಇದನ್ನು ಹೊಡೆತವೆಂದು ಶಂಕಿಸಿದರೆ ನಿರಪರಾಧಿ ತಂದೆತಾಯಿಗಳಿಗೆ ಅನ್ಯಾಯವಾಗುತ್ತದೆ. ಸಂಶಯ ಬಂದಾಗ ನಿರ್ಣಯ ವೈದ್ಯರದು. ಅವರ ಬಳಿಗೆ ಮಗುವನ್ನು ವೇಳೆಗೆ ಸರಿಯಾಗಿ ಮುಟ್ಟಿಸುವುದು ಕಾರ್ಯಕರ್ತರದು. ಪುಣೆಯ ಸಸೂನ್ ಆಸ್ಪತ್ರೆಯ ಮಿತ್ರಮಂಡಳಿ 1964ರಿಂದಲೂ ಬಡ ರೋಗಿಗಳ ನೆರವಿಗೆ ನಿಂತಿದ್ದು, ತೊರೆದುಹೋದ ಶಿಶುಗಳನ್ನು ಸಾಕುವ ‘ಶ್ರೀವತ್ಸ’ವನ್ನು ನಡೆಸಿಕೊಂಡು ಬಂದಿದೆ.

ಉದ್ಯೋಗದ ಮಾತನ್ನು ಮುಚ್ಚಿಡಬೇಕಾಗಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಾಲಗೃಹ, ದತ್ತುಸಂಸ್ಥೆ, ಆಸ್ಪತ್ರೆ, ಶಾಲೆ, ಸ್ವಯಂಸೇವಾ ಸಂಸ್ಥೆ ಇಲ್ಲೆಲ್ಲ ಸ್ಥಾನಗಳಿವೆ. ಆದರೆ ಅನೇಕವು ಗುತ್ತಿಗೆಯ ಹುದ್ದೆಗಳು. ಗಣಕಯಂತ್ರದ ಕಂಪನಿಗಳ ಸಂಬಳವನ್ನು ಇಲ್ಲಿ ನಿರೀಕ್ಷಿಸಲಾಗದು. ದಿನವೂ ಮಕ್ಕಳ ಸಂಕಟವನ್ನು ಕೇಳುವವರ ನಿದ್ರೆ, ಹಸಿವು ಕೆಡುವುದೂ ಉಂಟು. ಹಿರಿಯ ಸಹೋದ್ಯೋಗಿಯೊಡನೆ ನಿಯತವಾಗಿ ಮನಸ್ಸು ಬಿಚ್ಚಿ ಮಾತನಾಡುವ ಪದ್ಧತಿಯನ್ನು ಶಾಲೆಯಲ್ಲಿಯೇ ಕಲಿಸುವುದು ಇದಕ್ಕಾಗಿ. ಮಗ ಅಥವಾ ಮಗಳು ಈ ಹಾದಿಯನ್ನು ಆರಿಸಿಕೊಳ್ಳುವೆನೆಂದಾಗ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ. ಆ ಸಂಸ್ಥೆಯಲ್ಲಿ ಕ್ಷೇತ್ರಕಾರ್ಯಕ್ಕೆ ಮಾರ್ಗದರ್ಶನ ಮಾಡುವವರು ಯಾರು, ಒಬ್ಬೊಬ್ಬರ ಕೈಕೆಳಗೆ ಎಷ್ಟು ಮಂದಿ ವಿದ್ಯಾರ್ಥಿಗಳಿದ್ದಾರೆ ಎಂಬುದು.

ಓದಿನ ಗೊಡವೆಯಿಲ್ಲದವರಿಗೂ ಉಪಯುಕ್ತವಾದ ಮಾಹಿತಿಯೊಂದಿದೆ: ಆಪತ್ತಿನಲ್ಲಿರುವ ಮಗುವಿನ ಸಲುವಾಗಿ ಯಾರು ಬೇಕಾದರೂ 1098ಕ್ಕೆ ದೂರವಾಣಿ ಮಾಡಬಹುದು. ಟಾಟಾ ಸಂಸ್ಥೆಯ ಕ್ಷೇತ್ರಕಾರ್ಯವಾಗಿ 1996ರಲ್ಲಿ ಮುಂಬಯಿಯಲ್ಲಿ ಮೊದಲಾದ ಈ ಸೇವೆ ಈಗ ಸರ್ಕಾರದ ಆಡಳಿತದಲ್ಲಿದೆ. ಕರೆಗೆ ಹಣ ತೆರಬೇಕಾಗಿಲ್ಲ.