ಸ್ಲೈಡು ನೋಡದೆ ರಿಪೋರ್ಟ್ ಬಿಡಬೇಡ

ಪುಟ್ಟಿ, ಸೋಮವಾರದಿಂದ ಬೆಂಗಳೂರಿನ ಲ್ಯಾಬಿಗೆ ಹೋಗುತ್ತೀಯಂತೆ, ಸಂತೋಷ. ನಿಮ್ಮಪ್ಪ ಫೋನಿನಲ್ಲಿ ಸಂಬಳದ ವಿಷಯ ಹೇಳಿದ, ಪಿಜಿ ಬಾಡಿಗೆ ವಿಷಯ ಹೇಳಿದ; ಯಾವ ಸೆಕ್ಷನ್ ಎಂದು ಕೇಳಿದರೆ ಮಾತ್ರ ಗೊತ್ತಿಲ್ಲ ಎಂದ. ಹೆಮಟಾಲಜಿ ಎಂದು ಆಮೇಲೆ ನೀನೇ ಮೆಸೇಜ್ ಹಾಕಿದೆ. ಅದಕ್ಕೇ ಇಷ್ಟುದ್ದ ಬರೆಯಲು ಕೂತೆ. ಬಯೋಕೆಮಿಸ್ಟ್ರಿ ಎಂದಿದ್ದರೆ ಆಶೀರ್ವಾದ ಮಾಡಿ ಸುಮ್ಮನಾಗುತ್ತಿದ್ದೆ.

ಅಲ್ಲಿನ ಮೆಷಿನ್ ಗಂಟೆಗೆ ಎಂಬತ್ತೋ ನೂರೋ ಸ್ಯಾಂಪಲ್ ಓದಿ ಬಿಸಾಡುತ್ತದೆ. ಸಾಗರದಲ್ಲಿ ನಾನು ಲ್ಯಾಬ್ ತೆರೆದಾಗ ನ್ಯೂಬಾವರ್ ಚೇಂಬರಿನ ಚೌಕಗಳಲ್ಲಿ ಒಂದೊಂದೇ ಬಿಳಿ ಕಣ ಎಣಿಸುತ್ತಿದ್ದೆ. ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುವವನಲ್ಲ. ಎಣಿಕೆಯಲ್ಲಿ ಮೆಷಿನ್ನೇ ನಮಗಿಂತ ಮೇಲು, ಅದರಲ್ಲಿ ಅನುಮಾನ ಬೇಡ. ಆದರೆ ಅದು ಹೇಗೆ ಎಣಿಸುತ್ತದೆ ಎಂಬುದನ್ನು ತಲೆಯಲ್ಲಿಟ್ಟುಕೋ. ವಾಲೇಸ್ ಕೌಲ್ಟರ್ ಎಂಬಾತ 1953ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಸಣ್ಣದೊಂದು ರಂಧ್ರ, ಅದರೊಳಗೆ ಹರಿಯುವ ವಿದ್ಯುತ್. ಕಣ ತೂರಿ ಹೋದಾಗ ವಿದ್ಯುತ್ತಿಗೆ ಒಂದು ಕ್ಷಣ ಅಡ್ಡಿಯಾಗುತ್ತದೆ. ಅಡ್ಡಿ ಎಷ್ಟು ದೊಡ್ಡದೋ ಕಣವೂ ಅಷ್ಟು ದೊಡ್ಡದು ಎಂದು ಲೆಕ್ಕ. ಈಗ ಲೇಸರ್, ಬಣ್ಣ ಎಲ್ಲ ಬಂದಿವೆ ನಿಜ. ಆದರೂ ಪ್ಲೇಟ್‌ಲೆಟ್ ಎಣಿಸುವಾಗ ಬಹಳಷ್ಟು ಮೆಷಿನ್‌ಗಳು ಗಾತ್ರವನ್ನೇ ನಂಬುತ್ತವೆ. ಗಾತ್ರದಲ್ಲಿ ಗೊಂದಲವಾದರೆ ಅವಕ್ಕೂ ಗೊಂದಲ.

ಇದು ಎಲ್ಲಿ ಕೈಕೊಡುತ್ತದೆ ಗೊತ್ತಾ? ಡೆಂಗೀ ಸೀಸನ್ನಿನಲ್ಲಿ. ಒಂದು ಮಳೆಗಾಲ ಸಂಜೆ ಹೊತ್ತಿಗೆ ಒಬ್ಬ ಹುಡುಗನನ್ನು ಅವನ ಅಣ್ಣಂದಿರು ಕರೆತಂದರು. ಬೇರೆಲ್ಲೋ ಮಾಡಿಸಿದ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ 28,000. ಶಿವಮೊಗ್ಗಕ್ಕೆ ಹೋಗಲು ಕಾರು ಹೊರಗೆ ನಿಂತಿತ್ತು, ರಕ್ತ ಕೊಡಲು ನಾಲ್ಕು ಜನ ಸ್ನೇಹಿತರೂ ಹೊರಟಿದ್ದರು. ಹುಡುಗ ಮಾತ್ರ ಬೆಂಚಿನ ಮೇಲೆ ಕೂತು ಆರಾಮಾಗಿ ಚಕ್ಕುಲಿ ತಿನ್ನುತ್ತಿದ್ದ. ಮೈಮೇಲೆ ಒಂದು ಕೆಂಪು ಚುಕ್ಕೆಯಿಲ್ಲ, ವಸಡಿನಲ್ಲಿ ರಕ್ತವಿಲ್ಲ. ಸ್ಮಿಯರ್ ಎಳೆದು, ಲೀಶ್‌ಮನ್ ಬಣ್ಣ ಹಾಕಿ, ಒಣಗಿಸಿ, ಸ್ಲೈಡಿನ ಬಾಲದ ತುದಿಗೆ ಹೋದೆ. ಅಲ್ಲಿ ಪ್ಲೇಟ್‌ಲೆಟ್‌ಗಳು ಇಪ್ಪತ್ತು ಮೂವತ್ತು ಒಟ್ಟಿಗೆ ಅಂಟಿಕೊಂಡು ಗುಂಪು ಗುಂಪಾಗಿ ಕೂತಿದ್ದವು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಕೆಲವರ ಪ್ಲೇಟ್‌ಲೆಟ್‌ಗಳನ್ನು ಹಾಗೆ ಅಂಟಿಸಿಬಿಡುತ್ತದೆ. ಗುಂಪು ದೊಡ್ಡದಾದ್ದರಿಂದ ಮೆಷಿನ್ ಅದನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದೇ ಇಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿದೆ. ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಇರುತ್ತದಲ್ಲ, ಅದಕ್ಕೆ. ಒಂದೂವರೆ ಲಕ್ಷದ ಮೇಲೆ ಬಂತು. ಕಾರು ಮನೆಯ ಕಡೆ ತಿರುಗಿತು.

ಅದಕ್ಕೇ ಹೇಳುವುದು, ಸ್ಲೈಡು ನೋಡದೆ ರಿಪೋರ್ಟ್ ಬಿಡಬೇಡ. ಬಂದ ಪ್ರತಿ ಸ್ಯಾಂಪಲ್ಲಿಗೂ ಸ್ಲೈಡು ಮಾಡು ಎಂದರೆ ನಿಮ್ಮ ಸೂಪರ್‌ವೈಸರ್ ನಿನ್ನನ್ನು ಎರಡನೇ ದಿನವೇ ಮನೆಗೆ ಕಳಿಸುತ್ತಾರೆ, ಅದು ನನಗೂ ಗೊತ್ತು. ಮೆಷಿನ್ ಫ್ಲ್ಯಾಗ್ ಹೊಡೆದದ್ದು, ಹಿಂದಿನ ರಿಪೋರ್ಟಿಗೂ ಇವತ್ತಿನದಕ್ಕೂ ತಾಳೆಯಾಗದ್ದು, ಎದುರಿಗಿರುವ ಮನುಷ್ಯನಿಗೂ ಸಂಖ್ಯೆಗೂ ಹೊಂದದ್ದು, ಇಷ್ಟನ್ನಾದರೂ ಕಣ್ಣಾರೆ ನೋಡು. ದೊಡ್ಡ ಲ್ಯಾಬಿನಲ್ಲಿ ಮನುಷ್ಯ ಎದುರಿಗಿರುವುದೇ ಇಲ್ಲ, ಬಾರ್‌ಕೋಡ್ ಇರುತ್ತದೆ. ಹಾಗಾಗಿ ಕ್ಲಿನಿಕಲ್ ಹಿಸ್ಟರಿ ಎಂಬ ಖಾಲಿ ಜಾಗ ಕಂಡಾಗಲೆಲ್ಲ ಕಲೆಕ್ಷನ್ ಸೆಂಟರಿಗೆ ಫೋನ್ ಮಾಡಿ ಕೇಳು. ಬೈಸಿಕೊಂಡರೂ ಪರವಾಗಿಲ್ಲ.

ಡೆಂಗೀಯ ಮಾತು ಬಂದದ್ದಕ್ಕೆ ಇನ್ನೊಂದು. ಜನ ಪ್ಲೇಟ್‌ಲೆಟ್ ಒಂದನ್ನೇ ದಿನಕ್ಕೆರಡು ಸಲ ಕೇಳುತ್ತಾರೆ, ಪಪ್ಪಾಯಿ ಎಲೆ ಅರೆದು ಕುಡಿಸುತ್ತಾರೆ. ನೀನು ಹಿಮಟೋಕ್ರಿಟ್, ಎಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂದು ನೋಡು. ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತದೆ. ಹಿಮಟೋಕ್ರಿಟ್ ಮೊದಲಿದ್ದದ್ದಕ್ಕಿಂತ ಶೇಕಡ 20ರಷ್ಟು ಏರಿತೆಂದರೆ ಡಾಕ್ಟರಿಗೆ ತಕ್ಷಣ ಗೊತ್ತಾಗಬೇಕು. ಜ್ವರ ಬಿಟ್ಟಿತು ಅಂತ ಮನೆಯವರು ನಿಟ್ಟುಸಿರು ಬಿಡುವ ದಿನವೇ ಅಪಾಯದ ದಿನ.

ಇದೇ ಚಿತ್ರ, ಎಂದರೆ ಬಿಳಿ ಕಣ ಕಮ್ಮಿ, ಪ್ಲೇಟ್‌ಲೆಟ್ ಕಮ್ಮಿ, ನಮ್ಮ ಕಡೆ ಬೇಸಿಗೆಯಲ್ಲಿ ಕಂಡರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ: ಕಾಡಿಗೆ ಹೋಗಿದ್ರಾ, ದರಗೆಲೆ ತಂದ್ರಾ, ಮಂಗ ಸತ್ತದ್ದು ಕಂಡ್ರಾ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ. ಸಿಬಿಸಿ ಒಂದನ್ನೇ ಇಟ್ಟುಕೊಂಡು ಡೆಂಗೀಗೂ ಅದಕ್ಕೂ ವ್ಯತ್ಯಾಸ ಹೇಳುವುದು ನಿನ್ನಿಂದಲೂ ಆಗದು, ನನ್ನಿಂದಲೂ ಆಗದು. ಯಾವುದೋ ವೈರಸ್ ಎಲುಬಿನ ಮಜ್ಜೆಯವರೆಗೂ ಕೈಹಾಕಿದೆ ಎನ್ನುವಷ್ಟನ್ನು ಕಣಗಳು ಹೇಳುತ್ತವೆ. ಯಾವ ವೈರಸ್ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕು. ಯಾವ ಪರೀಕ್ಷೆ ಮಾಡಿಸಬೇಕು ಎಂಬುದನ್ನು ತೀರ್ಮಾನಿಸಲು ಆ ದರಗೆಲೆಯ ಪ್ರಶ್ನೆ ಬೇಕು.

ನನ್ನ ಮಟ್ಟಿಗೆ ಒಂದು ಹನಿ ರಕ್ತದಲ್ಲಿ ದೊಡ್ಡ ಸೋಜಿಗ ಎಂದರೆ ಅದರೊಳಗಿರುವ ಬೇರೆ ಬೇರೆ ಕಾಲ. ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ. ಪ್ಲೇಟ್‌ಲೆಟ್ ಎಂಟು ಹತ್ತು ದಿನ. ನ್ಯೂಟ್ರೋಫಿಲ್ ರಕ್ತದಲ್ಲಿ ಇರುವುದು ಹೆಚ್ಚೆಂದರೆ ಒಂದು ದಿನದ ಆಸುಪಾಸು. ಹಳೆಯ ಸೋಂಕನ್ನು ನೆನಪಿಟ್ಟ ಲಿಂಫೋಸೈಟ್‌ಗಳು ವರ್ಷಗಟ್ಟಲೆ ಉಳಿಯುತ್ತವೆ. ಹಾಗಾಗಿ ನ್ಯೂಟ್ರೋಫಿಲ್ ಇವತ್ತಿನ ಸುದ್ದಿ ಹೇಳಿದರೆ ಕೆಂಪು ಕಣ ಕಳೆದ ಮೂರು ನಾಲ್ಕು ತಿಂಗಳ ಊಟ, ಮುಟ್ಟಿನ ರಕ್ತಸ್ರಾವ, ಸಕ್ಕರೆ ಎಲ್ಲದರ ಲೆಕ್ಕ ಹೇಳುತ್ತದೆ. ಎಚ್‌ಬಿಎ1ಸಿ ಮೂರು ತಿಂಗಳ ಸಕ್ಕರೆಯ ಲೆಕ್ಕವಾಗಿರುವುದು ಇದರಿಂದಲೇ. ಯಾರಿಗಾದರೂ ಕೆಂಪು ಕಣ ಬೇಗ ಒಡೆಯುವ ಕಾಯಿಲೆಯಿದ್ದರೆ, ಅಥವಾ ಇತ್ತೀಚೆಗೆ ಬಹಳ ರಕ್ತ ಹೋಗಿದ್ದರೆ ಆ ಲೆಕ್ಕ ಸುಳ್ಳಾಗಿ ಕಮ್ಮಿ ತೋರಿಸುತ್ತದೆ. ಕಬ್ಬಿಣದ ಕೊರತೆಯಿದ್ದರೆ ಹೆಚ್ಚು ತೋರಿಸಲೂಬಹುದು. ಎಚ್‌ಬಿಎ1ಸಿ ಬಯೋಕೆಮಿಸ್ಟ್ರಿಯವರ ಪರೀಕ್ಷೆ, ನಮಗೇಕೆ ಎನ್ನಬೇಡ. ಆ ಹಿಮೋಗ್ಲೋಬಿನ್ ಇರುವುದು ನಿನ್ನ ಕಣದೊಳಗೆ.

ಬಿಳಿ ಕಣ 14,000 ಎಂದ ಕೂಡಲೇ ಸೋಂಕು ಎಂದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಬಸುರಿಯರಿಗೆ ಅಷ್ಟಿರುವುದು ಸಹಜ. ಸ್ಟಿರಾಯ್ಡ್ ಮಾತ್ರೆ ನುಂಗುವವರಿಗೆ, ಓಡಿ ಬಂದವರಿಗೆ, ರಚ್ಚೆ ಹಿಡಿದು ಅತ್ತ ಮಗುವಿಗೆ ರಕ್ತನಾಳದ ಗೋಡೆಗೆ ಒರಗಿ ನಿಂತಿದ್ದ ನ್ಯೂಟ್ರೋಫಿಲ್‌ಗಳು ಹರಿವಿಗೆ ಇಳಿದು ಎಣಿಕೆ ಏರುತ್ತದೆ. ನಿಜವಾದ ಸೋಂಕಿನಲ್ಲಿ ಸ್ಲೈಡು ಬೇರೆಯದೇ ಕಾಣುತ್ತದೆ. ಮಜ್ಜೆಯಿಂದ ಇನ್ನೂ ಬಲಿಯದ, ಕೋಶಕೇಂದ್ರ ತುಂಡಾಗದ ನ್ಯೂಟ್ರೋಫಿಲ್‌ಗಳು ಅವಸರದಲ್ಲಿ ಹೊರಬಿದ್ದಿರುತ್ತವೆ. ಒಳಗೆ ದಪ್ಪ ಕಡುನೇರಳೆ ಕಾಳುಗಳು ಎದ್ದಿರುತ್ತವೆ. ಎಣಿಕೆ 6,000ವೇ ಇದ್ದು ಸ್ಲೈಡು ಹೀಗಿದ್ದರೆ, 14,000ದ ಆರಾಮ ಸ್ಲೈಡಿಗಿಂತ ನನಗೆ ಭಯ ಜಾಸ್ತಿ. ಹಾಗೆಯೇ ಎರಡು ವರ್ಷದ ಮಗುವಿನಲ್ಲಿ ಲಿಂಫೋಸೈಟ್ ಶೇಕಡ 60 ಕಂಡು ಕೆಂಪು ಗೆರೆ ಎಳೆಯಬೇಡ ಮಾರಾಯ್ತಿ, ಮಕ್ಕಳಿಗೆ ಇರುವುದೇ ಹಾಗೆ.

ಇಸ್ನೋಫೀಲಿಯಾ ಇದೆಯಂತೆ ಎಂದು ನಮ್ಮೂರಲ್ಲಿ ಅರ್ಧ ಜನ ಹೇಳಿಕೊಳ್ಳುತ್ತಾರೆ, ಅದೇ ಕಾಯಿಲೆಯ ಹೆಸರು ಎಂಬಂತೆ. ಇಯೋಸಿನೋಫಿಲ್ ಏರುವುದು ಅಲರ್ಜಿಗೆ ಇರಬಹುದು, ಹೊಟ್ಟೆಹುಳಕ್ಕೆ ಇರಬಹುದು, ಔಷಧಿಗೂ ಇರಬಹುದು. ರಾತ್ರಿಯಿಡೀ ಕೆಮ್ಮು, ಇಯೋಸಿನೋಫಿಲ್ ಸಂಖ್ಯೆ 3,000 ದಾಟಿದೆ ಎಂದರೆ ಆನೆಕಾಲು ರೋಗದ ಹುಳದ ಮರಿಗಳ ಮೇಲೆ ದೇಹ ಶ್ವಾಸಕೋಶದಲ್ಲಿ ಯುದ್ಧ ಹೂಡಿರಬಹುದು. ಅಂಥವರ ರಕ್ತದಲ್ಲಿ ಮರಿಗಳು ಸಾಮಾನ್ಯವಾಗಿ ಸಿಗುವುದಿಲ್ಲ, ಇಯೋಸಿನೋಫಿಲ್ಲೇ ಸಾಕ್ಷಿ. ವರ್ಷಗಟ್ಟಲೆ ಆಸ್ತಮಾ ಎಂದು ಪಂಪು ಎಳೆಯುತ್ತಿದ್ದವರು ಡಿಇಸಿ ಮಾತ್ರೆ ತಿಂದು ಕೆಲವೇ ದಿನಗಳಲ್ಲಿ ನಿದ್ದೆ ಮಾಡಿದ್ದನ್ನು ನೋಡಿದ್ದೇನೆ.

ನಮ್ಮ ಮನೆಗಳಂಥ ಸಸ್ಯಾಹಾರಿ ಮನೆಗಳಿಂದ ಬರುವ ಸುಸ್ತಿನ ಹೆಂಗಸರಲ್ಲಿ ನ್ಯೂಟ್ರೋಫಿಲ್‌ನ ಕೋಶಕೇಂದ್ರ ಎಷ್ಟು ತುಂಡಾಗಿದೆ ಎಂದು ಎಣಿಸು. ಸಾಧಾರಣಕ್ಕೆ ಮೂರು ನಾಲ್ಕು. ಆರು ತುಂಡಿನದು ಒಂದು ಸಿಕ್ಕರೂ ಬಿ12 ಅಥವಾ ಫೋಲೇಟ್ ಕೊರತೆಯ ಬಗ್ಗೆ ಟಿಪ್ಪಣಿ ಹಾಕು. ಹಿಮೋಗ್ಲೋಬಿನ್ ಇನ್ನೂ ಬಿದ್ದಿಲ್ಲದಾಗಲೇ ಇದು ಕಾಣಬಹುದು, ಮತ್ತು ಕಾಲು ಜೋಮು ಹಿಡಿಯುವ ಮೊದಲೇ ಸಿಕ್ಕರೆ ಆ ಹೆಂಗಸಿಗೆ ಬಹಳ ಒಳ್ಳೆಯದು. ಮೆಷಿನ್ ಈ ತುಂಡುಗಳನ್ನು ಎಣಿಸಿ ಹೇಳುವುದಿಲ್ಲ.

ಕಣಗಳ ಮಾತನ್ನು ಕೇಳಿದರೆ ಎಷ್ಟು ಮುಂಚೆ ತಿಳಿಯಬಹುದು ಎಂಬುದಕ್ಕೆ ಏಡ್ಸ್ ಕಥೆಗಿಂತ ದೊಡ್ಡದು ನನಗೆ ಗೊತ್ತಿಲ್ಲ. ಲಾಸ್ ಏಂಜಲೀಸಿನಲ್ಲಿ ಮೈಕಲ್ ಗಾಟ್‌ಲೀಬ್ ಎಂಬ ತರುಣ ವೈದ್ಯ ತನ್ನ ಆಸ್ಪತ್ರೆಯ ಯುವಕ ರೋಗಿಗಳಲ್ಲಿ ವಿಚಿತ್ರ ನ್ಯುಮೋನಿಯಾ ಕಂಡ. ರಕ್ತದ ಲಿಂಫೋಸೈಟ್‌ಗಳನ್ನು ವಿಂಗಡಿಸಿ ನೋಡಿದರೆ ಸಹಾಯಕ ಟಿ ಕಣಗಳು ಬಹುತೇಕ ಖಾಲಿ. 1981ರ ಜೂನ್ 5ರಂದು ಐವರು ರೋಗಿಗಳ ಚಿಕ್ಕ ವರದಿ ಪ್ರಕಟವಾಯಿತು. ವೈರಸ್ಸು ಪ್ಯಾರಿಸಿನಲ್ಲಿ ಸಿಕ್ಕಿದ್ದು 1983ರಲ್ಲಿ. ಯಾವ ಶತ್ರು ಎಂದು ತಿಳಿಯುವ ಎರಡು ವರ್ಷ ಮೊದಲೇ, ಯಾವ ಪಡೆ ನಾಶವಾಗುತ್ತಿದೆ ಎಂದು ರಕ್ತ ಹೇಳಿತ್ತು. ನಮ್ಮ ದೇಶದ ಮೊದಲ ಪ್ರಕರಣಗಳನ್ನು 1986ರಲ್ಲಿ ಚೆನ್ನೈಯ ಡಾ. ಸುನೀತಿ ಸಾಲೊಮನ್ ತಂಡ ಗುರುತಿಸಿತು. ಆಮೇಲೆ ಆ ಸಹಾಯಕ ಟಿ ಕಣಗಳನ್ನು ಎಣಿಸುವ ಸಿಡಿ4 ಕೌಂಟ್ ಎಂಬುದು ಜಿಲ್ಲಾಸ್ಪತ್ರೆಗಳವರೆಗೂ ಬಂತು. 200ಕ್ಕಿಂತ ಕೆಳಗಿಳಿದರೆ ಯಾವ್ಯಾವ ಸೋಂಕು ಒಳನುಗ್ಗಬಹುದು ಎಂದು ವೈದ್ಯರು ಮೊದಲೇ ಸಜ್ಜಾಗುತ್ತಾರೆ.

ಇಂಥ ರಿಪೋರ್ಟುಗಳು ನಿನ್ನ ಕೈಗೂ ಬರುತ್ತವೆ. ಎಚ್‌ಐವಿ ಮಾತ್ರವಲ್ಲ, ಕುಡುಗೋಲು ಕಣದ ರಿಪೋರ್ಟೂ ಅಷ್ಟೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಡಾ. ಸುದರ್ಶನ್ ಅವರ ತಂಡ ಆ ಕಾಯಿಲೆಯ ಬಗ್ಗೆ ಕೆಲಸ ಮಾಡಿದ್ದನ್ನು ನೀನು ಓದಿರಬಹುದು. ದೋಷದ ಜೀನ್ ಒಂದೇ ಇರುವವರು ಗಟ್ಟಿಮುಟ್ಟಾಗಿಯೇ ಬಾಳುತ್ತಾರೆ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆ ಮಾತನ್ನು ಅವರಿಗೆ ಕೂರಿಸಿ ಹೇಳಬೇಕಾದವರು ಬೇರೆ ಇದ್ದಾರೆ. ಪಿಜಿಯ ಊಟದ ಟೇಬಲ್ಲಿನಲ್ಲಿ ನೀನು ಬಾಯಿ ಬಿಟ್ಟರೆ ಯಾರದೋ ಸಂಬಂಧ ಮುರಿದುಬೀಳುತ್ತದೆ.

ಇನ್ನು ಫುಲ್ ಬಾಡಿ ಚೆಕಪ್ ಪ್ಯಾಕೇಜುಗಳು. ಆರೋಗ್ಯವಂತ ನೂರರಲ್ಲಿ ತೊಂಬತ್ತೈದು ಜನ ಯಾವ ಮಿತಿಯೊಳಗೆ ಬರುತ್ತಾರೋ ಅದನ್ನೇ ನಾರ್ಮಲ್ ಎಂದು ಅಚ್ಚು ಹಾಕುತ್ತೇವೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೆ, ಏನೂ ಇಲ್ಲದವನಿಗೂ ಒಂದಾದರೂ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಶೇಕಡ 64. ಜನ ಅದನ್ನು ಹಿಡಿದು ಗೂಗಲ್ ಮಾಡಿ ನಿದ್ದೆಗೆಡುತ್ತಾರೆ. ಮೂರು ವರ್ಷ ಹಿಂದಿನ ರಿಪೋರ್ಟಿನಲ್ಲೂ ಅದೇ ಸಂಖ್ಯೆ ಇದ್ದರೆ ಅದು ಅವರ ಸ್ವಭಾವ. ಮಿತಿಯೊಳಗೇ ಇದ್ದರೂ ಹಿಮೋಗ್ಲೋಬಿನ್ 16ರಿಂದ 13ಕ್ಕೆ ಇಳಿದ ಅರವತ್ತು ದಾಟಿದ ಗಂಡಸು ಇದ್ದಾನಲ್ಲ, ದಪ್ಪಕ್ಷರ ಬೀಳದೆ ನುಣುಚಿಕೊಳ್ಳುವವನು ಅವನು. ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿರಬಹುದು.

ಬೆನ್ನುನೋವು ಎಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡ ಒಬ್ಬ ಅಡಿಕೆ ಕೃಷಿಕರ ಸ್ಲೈಡು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಎಸ್ಆರ್ ನೂರರ ಮೇಲೆ. ಸ್ಲೈಡಿನಲ್ಲಿ ಕೆಂಪು ಕಣಗಳು ನಾಣ್ಯ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು, ಹಿನ್ನೆಲೆಗೆಲ್ಲ ತಿಳಿನೀಲಿ ಛಾಯೆ. ರೋಗನಿರೋಧಕ ಪ್ರೋಟೀನು ತಯಾರಿಸುವ ಪ್ಲಾಸ್ಮಾ ಕಣ ಒಂದು ಹದ ತಪ್ಪಿ ತನ್ನ ಸಂತಾನವನ್ನೇ ಬೆಳೆಸಿ, ಒಂದೇ ನಮೂನೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತಿದ್ದರೆ ಕೆಂಪು ಕಣಗಳು ಹಾಗೆ ಅಂಟುತ್ತವೆ. ಅಂಟಿ ಭಾರವಾಗಿ ಬೇಗ ತಳ ಸೇರುವುದರಿಂದಲೇ ಇಎಸ್ಆರ್ ಏರುವುದು. ಮಲ್ಟಿಪಲ್ ಮೈಲೋಮಾ ಎಂದು ಆಮೇಲೆ ಖಚಿತವಾಯಿತು. ನಾನು ಬರೆದದ್ದು ಕಣಗಳ ಜೋಡಣೆ ಹೀಗಿದೆ, ಸೀರಮ್ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಮಾಡಿಸಿ ಎಂದು ಎರಡು ಸಾಲು ಅಷ್ಟೇ. ಕ್ಯಾನ್ಸರ್ ಎಂಬ ಪದ ನನ್ನ ಬಾಯಿಂದ ಬರಲಿಲ್ಲ.

ನಿನಗೂ ಅಂಥ ದಿನ ಬರುತ್ತದೆ. ಕಣ್ಣಿನ ಪೊರೆ ಆಪರೇಷನ್ನಿಗೆಂದು ಬಂದವರ ಬಿಳಿ ಕಣ ಒಂದೂವರೆ ಲಕ್ಷ ಇರುತ್ತದೆ; ಸ್ಲೈಡಿನಲ್ಲಿ ಎಳೆಯವು, ನಡುಪ್ರಾಯದವು, ಬಲಿತವು ಎಲ್ಲ ಒಟ್ಟಿಗೆ, ಜೊತೆಗೆ ಬೇಸೋಫಿಲ್. ದೀರ್ಘಕಾಲದ ಮೈಲಾಯ್ಡ್ ಲ್ಯುಕೀಮಿಯಾ ಎಷ್ಟೋ ಸಲ ಹೀಗೇ ಸಿಕ್ಕಿಬೀಳುತ್ತದೆ. 2001ರಲ್ಲಿ ಇಮ್ಯಾಟಿನಿಬ್ ಮಾತ್ರೆ ಬಂದ ಮೇಲೆ ಅದು ಮೊದಲಿನಂತೆ ಮರಣಶಾಸನವಲ್ಲ, ಬಹಳ ಜನ ಮಾತ್ರೆ ನುಂಗುತ್ತ ಕೆಲಸಕ್ಕೆ ಹೋಗಿ ಬರುತ್ತಿದ್ದಾರೆ. ಆದರೂ ಆ ಸುದ್ದಿ ರೋಗಿಯ ಮೊಬೈಲಿಗೆ ರಾತ್ರಿ ಹನ್ನೊಂದಕ್ಕೆ ಪಿಡಿಎಫ್ ಆಗಿ ಹೋಗಬಾರದು. ರಿಪೋರ್ಟ್ ಹೋಲ್ಡ್ ಮಾಡು. ಸ್ಲೈಡು ಪೆಥಾಲಜಿಸ್ಟಿಗೆ ತೋರಿಸು. ಅವರು ಒಪ್ಪಿದ ಮೇಲೆ ಕಳಿಸಿದ ಡಾಕ್ಟರಿಗೆ ಫೋನ್ ಹೋಗಲಿ, ಯಾರಿಗೆ, ಎಷ್ಟು ಗಂಟೆಗೆ ಎಂದು ರಿಜಿಸ್ಟರಿನಲ್ಲಿ ಬರೆದಿಡು. ಆ ಟ್ಯೂಬನ್ನು ಸಂಜೆ ಎಲ್ಲದರ ಜೊತೆ ಕಸಕ್ಕೆ ಹಾಕದೆ ಹೆಸರು ಬರೆದು ಫ್ರಿಜ್ಜಿನಲ್ಲಿಡು. ಮಾರನೇ ದಿನ ಯಾರಾದರೂ ಕೇಳಿಯೇ ಕೇಳುತ್ತಾರೆ.