ಅಮ್ಮನ ಅಂಬಲಿಯದಲ್ಲ ತಪ್ಪು

ಪ್ರಶ್ನೆ: ಅಪ್ಪನಿಗೆ 66 ವರ್ಷ. ಪಿತ್ತನಾಳದ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ. ವಾರದಿಂದ ವಿಪರೀತ ಬಾಯಾರಿಕೆ, ಮಲಬದ್ಧತೆ, ಹಗಲೆಲ್ಲ ಮಂಪರು. ರಕ್ತದಲ್ಲಿ ಕ್ಯಾಲ್ಸಿಯಂ 12.4 ಬಂದಿದೆ. ದಿನವೂ ರಾಗಿ ಅಂಬಲಿ, ಹಾಲು ಕೊಡುತ್ತಿದ್ದ ಅಮ್ಮ, ‘ನನ್ನಿಂದಲೇ ಹೀಗಾಯಿತು’ ಎಂದು ಅಳುತ್ತಾರೆ.
– ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಇದನ್ನು ನಿಮ್ಮ ತಾಯಿಯವರಿಗೆ ಓದಿ ಹೇಳಿ: ಅಂಬಲಿಯಿಂದ ಹೀಗಾಗಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದರಿಂದ ಅವರಿಗೆ ಅನುಮಾನ ಬಂದದ್ದು ಸಹಜ. ಆದರೆ ಈ ಕಾಯಿಲೆಯಲ್ಲಿ ರಕ್ತಕ್ಕೆ ಸೇರುವ ಹೆಚ್ಚುವರಿ ಕ್ಯಾಲ್ಸಿಯಂ ಬರುವುದು ಮುಖ್ಯವಾಗಿ ಮೂಳೆಯಿಂದ.

ಕೆಲವು ಗಡ್ಡೆಗಳು ಪಿಟಿಎಚ್‌ಆರ್‌ಪಿ (ಪ್ಯಾರಾಥೈರಾಯ್ಡ್ ಹಾರ್ಮೋನಿನಂತೆ ವರ್ತಿಸುವ ಪ್ರೋಟೀನು) ಸ್ರವಿಸುತ್ತವೆ. ಅದು ಮೂಳೆಯ ಕ್ಯಾಲ್ಸಿಯಂ ಅನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಮೂತ್ರದಲ್ಲಿ ಹೊರಹೋಗಲೂ ಬಿಡುವುದಿಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಹೀಗಾಗುತ್ತದೆ. ಪಿತ್ತನಾಳದ ಕ್ಯಾನ್ಸರಿನಲ್ಲಿ ಇದು ಅಪರೂಪ, ಆದರೆ ಆಗುವುದುಂಟು.

ಊಟ ಬಿಡಿಸಬೇಡಿ. ಕ್ಯಾಲ್ಸಿಯಂ, ವಿಟಮಿನ್ ಡಿ ಅಥವಾ ರಕ್ತದೊತ್ತಡದ ಥಯಜೈಡ್ (ಮೂತ್ರ ಹೆಚ್ಚಿಸುವ ಔಷಧಿ) ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಇಂದೇ ವೈದ್ಯರಿಗೆ ತಿಳಿಸಿ.

ವರದಿಯಲ್ಲಿ ಆಲ್ಬುಮಿನ್ (ರಕ್ತದ ಒಂದು ಪ್ರೋಟೀನು) ಎಷ್ಟಿದೆ ನೋಡಿ. ಅದು 4ಕ್ಕಿಂತ ಕಡಿಮೆಯಾದ ಪ್ರತಿ 1 ಗ್ರಾಂಗೆ ಕ್ಯಾಲ್ಸಿಯಂ ಲೆಕ್ಕಕ್ಕೆ 0.8 ಕೂಡಿಸುತ್ತಾರೆ. ಆಲ್ಬುಮಿನ್ 2.5 ಇದ್ದರೆ ನಿಮ್ಮ ತಂದೆಯ 12.4 ನಿಜಕ್ಕೂ 13.6. ಮಂಪರೂ ಇರುವುದರಿಂದ ನಾಳೆಗೆಂದು ಕಾಯದೆ ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನನ್ನ ಅಕ್ಕನಿಗೂ ಕ್ಯಾನ್ಸರಿನಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆ. ಚುಚ್ಚುಮದ್ದು ಕೊಡುತ್ತೇವೆ ಎನ್ನುತ್ತಾರೆ. ಇದು ಕೊನೆಯ ಹಂತವಾದರೆ ಸುಮ್ಮನೆ ಯಾಕೆ ನೋಯಿಸಬೇಕು?
– ಒಬ್ಬ ತಂಗಿ, ಧಾರವಾಡ

ಉತ್ತರ: ಈ ಪ್ರಶ್ನೆ ಕೇಳುವುದು ಎಷ್ಟು ಕಷ್ಟವೆಂದು ಬಲ್ಲೆ. ಕ್ಯಾನ್ಸರ್ ಮುಂದುವರಿದಿರುವುದರ ಲಕ್ಷಣವಿದು, ನಿಜ. ಆದರೂ ವಾಕರಿಕೆ, ಗೊಂದಲ, ಮಲಬದ್ಧತೆಯನ್ನು ಎಷ್ಟೋ ಸಲ ಕಡಿಮೆ ಮಾಡಬಹುದು.

ಮೊದಲು ರಕ್ತನಾಳದ ಮೂಲಕ ಸಲೈನ್ (ಉಪ್ಪುನೀರಿನ ದ್ರಾವಣ) ಕೊಡುತ್ತಾರೆ. ಆಮೇಲೆ ಜೊಲೆಡ್ರಾನಿಕ್ ಆಮ್ಲ (ಮೂಳೆ ಕರಗುವುದನ್ನು ತಡೆಯುವ ಔಷಧಿ) 4 ಮಿ.ಗ್ರಾಂ, ಕನಿಷ್ಠ 15 ನಿಮಿಷ ನಿಧಾನವಾಗಿ. ಗುಣ ಕಾಣಲು ಎರಡರಿಂದ ನಾಲ್ಕು ದಿನ ಬೇಕು. ಹಲ್ಲು, ದವಡೆಯ ನೋವಿದ್ದರೆ ಮೊದಲೇ ಹೇಳಿ. ಮೂತ್ರಪಿಂಡ ಸೊರಗಿದ್ದರೆ ಬೇರೆ ಔಷಧಿ ಆರಿಸುತ್ತಾರೆ.

ಕ್ಯಾಲ್ಸಿಯಂ ಮತ್ತೆ ಏರಬಹುದು. ಆಗ ಏನು ಮಾಡಬೇಕೆಂಬುದನ್ನು ಅಕ್ಕ ಮಾತನಾಡುವ ಸ್ಥಿತಿಯಲ್ಲಿರುವಾಗಲೇ ಕೇಳಿ ತಿಳಿದುಕೊಳ್ಳಿ. ಚಿಕಿತ್ಸೆ ಬೇಡವೆಂದರೂ ಆರೈಕೆ ನಿಲ್ಲುವುದಿಲ್ಲ: ಉಪಶಾಮಕ ಆರೈಕೆಯವರು (ನೋವು, ಸಂಕಟ ತಗ್ಗಿಸುವ ತಂಡ) ಜೊತೆಗಿರುತ್ತಾರೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಇದು ಉಚಿತ.

ಅಕ್ಕ ಪೂರ್ಣ ಎಚ್ಚರವಿದ್ದಾಗ ಎತ್ತಿ ಕೂರಿಸಿ, ಕೇಳಿದ್ದನ್ನು ಒಂದೊಂದೇ ಚಮಚ ಕೊಡಿ. ಅದು ಅಂಬಲಿಯೇ ಆದರೂ ಅಡ್ಡಿಯಿಲ್ಲ.